ಪೆಟ್ಟಿಗೆಯ ಮೇಲಿನ ವೇಗ ನೋಡಿ ಎಸ್‌ಎಸ್‌ಡಿ ಕೊಳ್ಳಬೇಡಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ಎಸ್‌ಎಸ್‌ಡಿ ಕೇಳಿದರೆ ಸಾಮಾನ್ಯವಾಗಿ ಎರಡು ಬಗೆಯ ಪೆಟ್ಟಿಗೆ ಮುಂದೆ ಬರುತ್ತವೆ. ಒಂದರ ಮೇಲೆ ಸೆಕೆಂಡಿಗೆ 560 ಎಂಬಿ ಎಂದಿದ್ದರೆ ಇನ್ನೊಂದರ ಮೇಲೆ 7,000 ಎಂಬಿ ಎಂದಿರುತ್ತದೆ. ಎರಡನೆಯದು ಹನ್ನೆರಡು ಪಟ್ಟು ಚುರುಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಮನೆ, ಕಚೇರಿ, ಡಿಟಿಪಿ ಸೆಂಟರಿನ ದಿನನಿತ್ಯದ ಕೆಲಸದಲ್ಲಿ ಇವೆರಡರ ಅಂತರ ಕಣ್ಣಿಗೆ ಕಾಣುವುದೇ ಕಷ್ಟ. ಹಳೆಯ ಹಾರ್ಡ್ ಡಿಸ್ಕ್ ಬಿಚ್ಚಿ ಇವೆರಡರಲ್ಲಿ ಯಾವುದನ್ನು ಹಾಕಿದರೂ ಆಗುವ ಬದಲಾವಣೆ ಮಾತ್ರ ಬಹಳ ದೊಡ್ಡದು. ಈ ಎರಡೂ ಮಾತು ಏಕೆ ನಿಜ ಎಂಬುದು ಅರ್ಥವಾದರೆ ಎಸ್‌ಎಸ್‌ಡಿ ಆರಿಸುವ ಕೆಲಸ ಅರ್ಧ ಮುಗಿದಂತೆ.

ಹಾರ್ಡ್ ಡಿಸ್ಕ್ ಎಡವುವುದು ಎಲ್ಲಿ?

ಹಾರ್ಡ್ ಡಿಸ್ಕ್‌ನೊಳಗೆ ತಿರುಗುವ ತಟ್ಟೆಗಳಿವೆ, ಅವುಗಳ ಮೇಲೆ ಅತ್ತಿತ್ತ ಓಡಾಡುವ ತೋಳಿದೆ. ಡೆಸ್ಕ್‌ಟಾಪ್‌ನ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ 5,400. ನಿಮಿಷಕ್ಕೆ 7,200 ಎಂದರೆ ಸೆಕೆಂಡಿಗೆ 120 ಸುತ್ತು, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಮಾಹಿತಿ ತೋಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡ್ ಕಾಯಬೇಕು. ಅದಕ್ಕೂ ಮೊದಲು ತೋಳು ಸರಿಯಾದ ಜಾಗಕ್ಕೆ ಸರಿಯಲು ಇನ್ನೊಂದು 8-9 ಮಿಲಿಸೆಕೆಂಡ್ ಬೇಕು. ಒಂದು ತುಣುಕು ಹುಡುಕಲು ಒಟ್ಟು 12-13 ಮಿಲಿಸೆಕೆಂಡ್ ಹಿಡಿದರೆ, ಒಂದು ಸೆಕೆಂಡಿನಲ್ಲಿ ಆಗುವುದು ಹೆಚ್ಚೆಂದರೆ ಎಂಬತ್ತು ಹುಡುಕಾಟ.

ದೊಡ್ಡದೊಂದು ಸಿನಿಮಾ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದುವಾಗ ಇದರಿಂದ ತೊಂದರೆಯಿಲ್ಲ. ತೋಳು ಒಮ್ಮೆ ಜಾಗ ಹಿಡಿದರೆ ಸೆಕೆಂಡಿಗೆ 150 ಎಂಬಿಯಷ್ಟು ಸಲೀಸಾಗಿ ಬರುತ್ತದೆ. ಆದರೆ ವಿಂಡೋಸ್ ಶುರುವಾಗುವಾಗ, ಕ್ರೋಮ್ ತೆರೆಯುವಾಗ, ಆಂಟಿವೈರಸ್ ಓಡುವಾಗ ಡಿಸ್ಕ್‌ನಿಂದ ಓದಬೇಕಾದದ್ದು ಅಲ್ಲಲ್ಲಿ ಚದುರಿ ಬಿದ್ದಿರುವ ಸಾವಿರಾರು ಸಣ್ಣ ತುಣುಕು, ಅನೇಕವು ಬರೀ 4 ಕೆಬಿ. ಸೆಕೆಂಡಿಗೆ ಎಂಬತ್ತು ತುಣುಕು, ತಲಾ 4 ಕೆಬಿ ಎಂದು ಲೆಕ್ಕ ಹಾಕಿದರೆ ಸೆಕೆಂಡಿಗೆ 1 ಎಂಬಿಯ ಮೂರನೇ ಒಂದು ಭಾಗವೂ ಆಗುವುದಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದಾಗ ಡಿಸ್ಕ್ 100 ಪರ್ಸೆಂಟ್ ಎಂದು ಕೆಂಪಾಗಿರುವುದು, ಅದೇ ಹೊತ್ತಿಗೆ ವೇಗ 1-2 ಎಂಬಿ ಮಾತ್ರ ಎಂದು ತೋರಿಸುವುದು ಇದೇ ಕಾರಣಕ್ಕೆ. ಸಿಸ್ಟಂ ಹ್ಯಾಂಗ್ ಆಗುತ್ತಿದೆ ಎಂದು ಜನ ಪ್ರೊಸೆಸರ್‌ ಅನ್ನು ಬೈಯುತ್ತಾರೆ. ಆ ಹೊತ್ತಿನಲ್ಲಿ ಪ್ರೊಸೆಸರ್ ಬಹುಪಾಲು ಸುಮ್ಮನೆ ಕಾಯುತ್ತಾ ಕೂತಿರುತ್ತದೆ.

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಪೆಟ್ಟಿಗೆಯ ಮೇಲೆ 560 ಎಂಬಿ ಎಂದಿರುವ ಸಾಮಾನ್ಯ ಸಾಟಾ ಬಗೆಯ ಎಸ್‌ಎಸ್‌ಡಿ ಇಂಥ ಸಣ್ಣ ತುಣುಕುಗಳನ್ನು ಒಂದಾದ ಮೇಲೊಂದರಂತೆ ಕೇಳಿದರೂ ಸೆಕೆಂಡಿಗೆ ಸುಮಾರು ಹತ್ತು ಸಾವಿರ ಕೊಡುತ್ತದೆ, ಅಂದರೆ 40 ಎಂಬಿ. ಹಾರ್ಡ್ ಡಿಸ್ಕ್‌ಗಿಂತ ನೂರು ಪಟ್ಟಿಗೂ ಹೆಚ್ಚು. 7,000 ಎಂಬಿ ಎಂದು ಬರೆದಿರುವ, ಎನ್‌ವಿಎಂಇ ಎಂಬ ಬಗೆಯ ದುಬಾರಿ ಎಸ್‌ಎಸ್‌ಡಿ ಇದೇ ಪರೀಕ್ಷೆಯಲ್ಲಿ ಸಾಟಾಗಿಂತ ಸುಮಾರು ಎರಡು ಪಟ್ಟು ಮುಂದೆ ಹೋಗುತ್ತದೆ. ಹಾರ್ಡ್ ಡಿಸ್ಕ್‌ನಿಂದ ಸಾಟಾಗೆ ಬಂದಾಗ ನೂರು ಪಟ್ಟು, ಸಾಟಾದಿಂದ ಮೇಲಕ್ಕೆ ಹೋದಾಗ ಎರಡು ಪಟ್ಟು. ನಮ್ಮ ದಿನದ ಕೆಲಸದ ಮಟ್ಟಿಗೆ ಲೆಕ್ಕಕ್ಕೆ ಬರುವುದು ಈ ಎರಡು ಸಂಖ್ಯೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ದೊಡ್ಡ ಫೈಲನ್ನು ಸರಾಗವಾಗಿ ಓದುವ ವೇಗ.

ನಲವತ್ತು ವರ್ಷದ ದಾರಿ

ಈ ತಂತ್ರಜ್ಞಾನದ ಮೂಲ ಜಪಾನಿನ ತೋಶಿಬಾ ಕಂಪನಿಯ ಎಂಜಿನಿಯರ್ ಫುಜಿಯೊ ಮಸುವೊಕ. ಕರೆಂಟು ಹೋದರೂ ಅಳಿಯದ ಫ್ಲ್ಯಾಶ್ ಮೆಮೊರಿಯನ್ನು ಅವರು 1984ರಲ್ಲಿ ಜಗತ್ತಿನ ಮುಂದಿಟ್ಟರು. ಇಂದಿನ ಎಸ್‌ಎಸ್‌ಡಿ, ಪೆನ್‌ಡ್ರೈವ್, ಮೊಬೈಲ್ ಎಲ್ಲದರಲ್ಲೂ ಇರುವ ನ್ಯಾಂಡ್ ಬಗೆಯನ್ನು 1987ರಲ್ಲಿ ತೋರಿಸಿದರು. 1991ರಲ್ಲಿ ಸ್ಯಾನ್‌ಡಿಸ್ಕ್ ಕಂಪನಿ ಐಬಿಎಂಗೆ ಒದಗಿಸಿದ ಎಸ್‌ಎಸ್‌ಡಿಯ ಸಾಮರ್ಥ್ಯ 20 ಎಂಬಿ, ಬೆಲೆ ಸುಮಾರು ಸಾವಿರ ಡಾಲರ್. ಮೆಮೊರಿ ಕೋಶಗಳನ್ನು ಒಂದರ ಮೇಲೊಂದು ಅಂತಸ್ತಾಗಿ ಕಟ್ಟುವ ವಿಧಾನವನ್ನು 2013ರಲ್ಲಿ ಸ್ಯಾಮ್‌ಸಂಗ್ ಮಾರುಕಟ್ಟೆಗೆ ತಂದ ಮೇಲೆ ಸಾಮರ್ಥ್ಯ ಏರುತ್ತಾ ಹೋಯಿತು. ಎಸ್‌ಎಸ್‌ಡಿ ನಮ್ಮ ಕೈಗೆಟುಕಿದ್ದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು.

ಅಂಗಡಿಗೆ ಹೋಗುವ ಮೊದಲು ಯಂತ್ರ ನೋಡಿ

ಯಾವ ಎಸ್‌ಎಸ್‌ಡಿ ಒಳ್ಳೆಯದು ಎಂದು ಕೇಳುವುದಕ್ಕೆ ಮುಂಚೆ, ನಿಮ್ಮ ಯಂತ್ರದಲ್ಲಿ ಯಾವುದಕ್ಕೆ ಜಾಗವಿದೆ ಎಂದು ತಿಳಿಯಬೇಕು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಂಎಸ್‌ಇನ್ಫೋ32 ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಮದರ್‌ಬೋರ್ಡಿನ ಹೆಸರು ಸಿಗುತ್ತದೆ. ಲ್ಯಾಪ್‌ಟಾಪ್ ಆದರೆ ಅದರ ಅಡಿಯಲ್ಲಿರುವ ಮಾಡೆಲ್ ನಂಬರ್ ಬರೆದುಕೊಳ್ಳಿ. ಆ ಹೆಸರಿನ ಕೈಪಿಡಿಯನ್ನು ಕಂಪನಿಯ ತಾಣದಿಂದ ಇಳಿಸಿಕೊಂಡರೆ ಯಾವ ಸ್ಲಾಟ್ ಇದೆ, ಅದು ಏನನ್ನು ಒಪ್ಪುತ್ತದೆ ಎಂಬುದು ಸ್ಪಷ್ಟವಾಗಿ ಇರುತ್ತದೆ.

2011ರಿಂದ 2014ರ ನಡುವೆ ಜೋಡಿಸಿದ ಅಸೆಂಬಲ್ಡ್ ಪಿಸಿಗಳಲ್ಲಿ ಇಂಟೆಲ್‌ನ ಎಚ್61 ಚಿಪ್‌ಸೆಟ್ ಇರುವ ಬೋರ್ಡುಗಳು ಬಹಳ. ಎಚ್61ರಲ್ಲಿ ಇರುವುದು ಸಾಟಾದ ಎರಡನೇ ತಲೆಮಾರಿನ ಪೋರ್ಟ್ ಮಾತ್ರ. ಅದರ ಮಿತಿ ಸೆಕೆಂಡಿಗೆ 300 ಎಂಬಿಯೊಳಗೆ. ಹಾಗಾಗಿ 560 ಎಂಬಿಯ ಎಸ್‌ಎಸ್‌ಡಿ ಹಾಕಿದರೂ 270-280ಕ್ಕೆ ನಿಲ್ಲುತ್ತದೆ. ಇದಕ್ಕಾಗಿ ಬೇಸರ ಬೇಡ. ಸಣ್ಣ ತುಣುಕು ಓದುವಾಗ ಬೇಕಾಗುವುದು 40 ಎಂಬಿ ಮಾತ್ರ, ಅದಕ್ಕೆ ಈ ಪೋರ್ಟ್ ಧಾರಾಳ ಸಾಕು. ನಂತರ ಬಂದ ಎಚ್81 ಬೋರ್ಡಿನಲ್ಲಿ ನಾಲ್ಕು ಸಾಟಾ ಪೋರ್ಟ್‌ಗಳಿವೆ. ಎರಡು ಮಾತ್ರ ಮೂರನೇ ತಲೆಮಾರಿನವು. ಎಸ್‌ಎಸ್‌ಡಿಯ ಕೇಬಲ್ ಅವುಗಳಲ್ಲೊಂದಕ್ಕೆ ಸಿಕ್ಕಿಸಿ, ಹಾರ್ಡ್ ಡಿಸ್ಕ್ ಅನ್ನು ಉಳಿದುದಕ್ಕೆ ಕೊಡಿ. ಯಾವ ಪೋರ್ಟ್ ಯಾವುದು ಎಂದು ಬೋರ್ಡಿನ ಮೇಲೆ ಅಥವಾ ಕೈಪಿಡಿಯಲ್ಲಿ ಬರೆದಿರುತ್ತದೆ.

ಇಂಥ ಹಳೆಯ ಬೋರ್ಡುಗಳಿಗೆ ಒಂದೇ ಉತ್ತರ: 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಪಿಸಿಐಇ ಸ್ಲಾಟ್‌ಗೆ ಅಡಾಪ್ಟರ್ ಕಾರ್ಡ್ ಹಾಕಿ ಎನ್‌ವಿಎಂಇ ಎಸ್‌ಎಸ್‌ಡಿ ಕೂರಿಸಬಹುದು ಎಂದು ಕೆಲವರು ಹೇಳುತ್ತಾರೆ. ಫೈಲ್ ಇಡಲು ಅದು ಕೆಲಸಕ್ಕೆ ಬರುತ್ತದೆ, ಆದರೆ ವಿಂಡೋಸ್ ಅದರಿಂದಲೇ ಶುರುವಾಗಬೇಕಾದರೆ ಬಯೋಸ್‌ಗೆ ಎನ್‌ವಿಎಂಇ ಗೊತ್ತಿರಬೇಕು. ಇಂಟೆಲ್ ಬೋರ್ಡುಗಳಲ್ಲಿ ಆ ಸೌಲಭ್ಯ ಬರತೊಡಗಿದ್ದು 2014ರ ಆಸುಪಾಸಿನಲ್ಲಿ. ಎಚ್61, ಎಚ್81 ಬೋರ್ಡುಗಳಲ್ಲಿ ಅದನ್ನು ನಂಬಿ ಹಣ ಹಾಕಬೇಡಿ.

2016-17ರ ನಂತರದ ಯಂತ್ರವಾದರೆ ಎಂ.2 ಎಂಬ ಚಪ್ಪಟೆ ಸ್ಲಾಟ್ ಇರುವ ಸಾಧ್ಯತೆ ಹೆಚ್ಚು. ಜನ ಹೆಚ್ಚಾಗಿ ಮೋಸಹೋಗುವುದು ಇಲ್ಲೇ. ಎಂ.2 ಎನ್ನುವುದು ಆಕಾರದ ಹೆಸರು, ವೇಗದ ಹೆಸರಲ್ಲ. ಇದೇ ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ, ಎನ್‌ವಿಎಂಇ ಎಸ್‌ಎಸ್‌ಡಿಯೂ ಬರುತ್ತದೆ. ಕೆಲವು ಸ್ಲಾಟ್ ಎರಡನ್ನೂ ಒಪ್ಪುತ್ತವೆ, ಕೆಲವು ಹಳೆಯ ಲ್ಯಾಪ್‌ಟಾಪ್‌ನವು ಸಾಟಾ ಮಾತ್ರ, ಹೊಸವು ಹಲವು ಎನ್‌ವಿಎಂಇ ಮಾತ್ರ. ಸಾಮಾನ್ಯವಾಗಿ ಎಸ್‌ಎಸ್‌ಡಿಯ ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಸಾಟಾ, ಒಂದೇ ಕಚ್ಚು ಇದ್ದರೆ ಎನ್‌ವಿಎಂಇ. ಆದರೆ ಇದು ಎಲ್ಲ ಕಡೆಯೂ ನಡೆಯುವ ನಿಯಮವಲ್ಲ, ಆದ್ದರಿಂದ ಕೈಪಿಡಿಯ ಮಾತೇ ಕೊನೆಯದು. ಉದ್ದವನ್ನೂ ನೋಡಿ. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಡೆಸ್ಕ್‌ಟಾಪ್‌ಗಳಲ್ಲಿ ಇದೇ ಸಾಮಾನ್ಯ. ಕೆಲವು ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ 2242 ಅಥವಾ 2230 ಮಾತ್ರ ಹಿಡಿಸುತ್ತದೆ.

ಎನ್‌ವಿಎಂಇ ಸ್ಲಾಟ್ ಇದ್ದು, ಬೆಲೆ ಸಾಟಾದಷ್ಟೇ ಅಥವಾ ತುಸು ಹೆಚ್ಚು ಇದ್ದರೆ ಎನ್‌ವಿಎಂಇಯನ್ನೇ ತೆಗೆದುಕೊಳ್ಳಿ. ಕೇಬಲ್ ಬೇಡ, ಜಾಗ ಬೇಡ, ಸ್ವಲ್ಪ ಚುರುಕೂ ಹೌದು. ಆದರೆ ಅದು ಬಳಸುವ ಪಿಸಿಐಇ ಸಂಪರ್ಕದ ತಲೆಮಾರುಗಳ ಹಿಂದೆ ಓಡಬೇಡಿ. ಮೂರನೇ ತಲೆಮಾರಿನ ಪಿಸಿಐಇ ಸೆಕೆಂಡಿಗೆ 3,500 ಎಂಬಿ ಕೊಡುತ್ತದೆ, ನಾಲ್ಕನೆಯದು 7,000, ಐದನೆಯದು 14,000ದವರೆಗೆ. ಮೂರನೇ ತಲೆಮಾರಿನ ಸ್ಲಾಟ್‌ಗೆ ನಾಲ್ಕನೆಯ ಎಸ್‌ಎಸ್‌ಡಿ ಹಾಕಿದರೆ ಕೆಲಸ ಮಾಡುತ್ತದೆ, ವೇಗ ಮಾತ್ರ ಮೂರರದ್ದೇ. ಐದನೇ ತಲೆಮಾರಿನವು ಬಿಸಿಯಾಗುವುದೂ ಹೆಚ್ಚು. ಮೇಲೆ ಹೀಟ್‌ಸಿಂಕ್ ಇಲ್ಲದಿದ್ದರೆ ತಾನೇ ವೇಗ ಇಳಿಸಿಕೊಳ್ಳುತ್ತವೆ. ದಿನವೂ ಗಂಟೆಗಟ್ಟಲೆ 4ಕೆ ವಿಡಿಯೋ ಎಡಿಟ್ ಮಾಡುವವರು, ನೂರಾರು ಜಿಬಿಯ ಫೈಲ್‌ಗಳನ್ನು ಆಗಾಗ ಸಾಗಿಸುವವರು ಈ ವೇಗಕ್ಕೆ ಹಣ ಕೊಡಲಿ. ಪತ್ರ ಬರೆಯುವ, ಜಿಎಸ್‌ಟಿ ಸಲ್ಲಿಸುವ, ಪುಟ ಕಟ್ಟುವ, ಮಕ್ಕಳ ಆನ್‌ಲೈನ್ ಪಾಠ ನೋಡುವ ಯಂತ್ರಕ್ಕೆ ಅದು ಬೇಕಿಲ್ಲ.

ಎಷ್ಟು ಜಿಬಿ ಬೇಕು?

ಉಳಿಸಿದ ಹಣವನ್ನು ಸಾಮರ್ಥ್ಯದ ಮೇಲೆ ಹಾಕಿ. 256 ಜಿಬಿಯಲ್ಲಿ ವಿಂಡೋಸ್, ಅದರ ಅಪ್‌ಡೇಟ್‌ಗಳು, ನಾಲ್ಕಾರು ದೊಡ್ಡ ತಂತ್ರಾಂಶಗಳು ಸೇರುವಷ್ಟರಲ್ಲಿ ಜಾಗ ಬಿಗಿಯಾಗುತ್ತದೆ. ಇಂದು ಹೊಸದಾಗಿ ಕೊಳ್ಳುವವರಿಗೆ 500 ಜಿಬಿ ಕನಿಷ್ಠ ಎಂದು ನಾನು ಹೇಳುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ಒಂದೇ ಡ್ರೈವ್‌ಗೆ ಜಾಗವಿದ್ದರೆ 1 ಟಿಬಿ ಕಡೆ ನೋಡಿ. ಡೆಸ್ಕ್‌ಟಾಪ್‌ನಲ್ಲಿ ಎಸ್‌ಎಸ್‌ಡಿಗೆ ವಿಂಡೋಸ್ ಮತ್ತು ತಂತ್ರಾಂಶ, ಹಳೆಯ ಹಾರ್ಡ್ ಡಿಸ್ಕ್‌ಗೆ ಫೋಟೋ, ವಿಡಿಯೋ ಎಂದು ಹಂಚಿಕೊಂಡರೆ 500 ಜಿಬಿ ಹಲವು ವರ್ಷ ಸಾಕು.

500 ಜಿಬಿ ತಂದು ಹಾಕಿದಾಗ ವಿಂಡೋಸ್ 465 ಎಂದು ತೋರಿಸುತ್ತದೆ. ಇದು ಮೋಸವಲ್ಲ. ಕಂಪನಿ ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಎಣಿಸುತ್ತದೆ, ವಿಂಡೋಸ್ 107 ಕೋಟಿ ಚಿಲ್ಲರೆ ಎಂದು ಎಣಿಸುತ್ತದೆ. ಆ 465ರಲ್ಲೂ ಹತ್ತರಲ್ಲೊಂದು ಪಾಲನ್ನಾದರೂ ಸದಾ ಖಾಲಿ ಬಿಡಬೇಕು. ಫ್ಲ್ಯಾಶ್ ಮೆಮೊರಿಯಲ್ಲಿ ಬರೆದ ಜಾಗದ ಮೇಲೆ ನೇರವಾಗಿ ಮತ್ತೆ ಬರೆಯಲು ಆಗುವುದಿಲ್ಲ, ಮೊದಲು ಅಳಿಸಬೇಕು. ಬರೆಯುವುದು ಸಣ್ಣ ಪುಟಗಳಲ್ಲಿ, ಅಳಿಸುವುದು ಮಾತ್ರ ನೂರಾರು ಪುಟಗಳ ದೊಡ್ಡ ಕಟ್ಟಿನಲ್ಲಿ. ಕಟ್ಟು ಖಾಲಿ ಮಾಡಬೇಕಾದರೆ ಅದರಲ್ಲಿ ಉಳಿದಿರುವ ಬೇಕಾದ ಪುಟಗಳನ್ನು ಬೇರೆಡೆಗೆ ಎತ್ತಿಡಬೇಕು. ಓಡಾಡಲು ಖಾಲಿ ಜಾಗ ಇಲ್ಲದಿದ್ದರೆ ಈ ಎತ್ತಿಡುವ ಕೆಲಸವೇ ಹೆಚ್ಚಾಗಿ ಡ್ರೈವ್ ನಿಧಾನವಾಗುತ್ತದೆ, ಬೇಗ ಸವೆಯುತ್ತದೆ.

ಟಿಎಲ್‌ಸಿ, ಕ್ಯೂಎಲ್‌ಸಿ

ಪೆಟ್ಟಿಗೆಯ ಹಿಂಬದಿಯಲ್ಲಿ, ಅನೇಕ ಸಲ ಅಲ್ಲೂ ಇಲ್ಲದೆ ಕಂಪನಿಯ ತಾಣದ ವಿವರಪಟ್ಟಿಯಲ್ಲಿ ಮಾತ್ರ ಸಿಗುವ ಮಾಹಿತಿ ಇದು. ಫ್ಲ್ಯಾಶ್ ಮೆಮೊರಿಯ ಪ್ರತಿ ಕೋಶದಲ್ಲೂ ಸ್ವಲ್ಪ ವಿದ್ಯುದಾವೇಶವನ್ನು ಹಿಡಿದಿಡುತ್ತಾರೆ. ಎಷ್ಟು ಆವೇಶವಿದೆ ಎಂದು ಅಳೆದು ಅಲ್ಲಿ ಬರೆದದ್ದೇನೆಂದು ತಿಳಿಯುತ್ತಾರೆ. ಒಂದು ಕೋಶದಲ್ಲಿ ಒಂದೇ ಬಿಟ್ ಇಡುವುದು ಎಸ್‌ಎಲ್‌ಸಿ; ಇದೆ, ಇಲ್ಲ ಎಂಬ ಎರಡೇ ಮಟ್ಟ. ಮೂರು ಬಿಟ್ ಇಡುವ ಟಿಎಲ್‌ಸಿಯಲ್ಲಿ ಎಂಟು ಮಟ್ಟ, ನಾಲ್ಕು ಬಿಟ್ ಇಡುವ ಕ್ಯೂಎಲ್‌ಸಿಯಲ್ಲಿ ಹದಿನಾರು ಮಟ್ಟ. ಸೇರಿನ ಪಾತ್ರೆ ತುಂಬಿದೆಯೋ ಖಾಲಿಯೋ ಎಂದು ಹೇಳಲು ಒಂದು ನೋಟ ಸಾಕು. ಅದೇ ಪಾತ್ರೆಯಲ್ಲಿ ಹದಿನಾರು ಗೆರೆಗಳ ಪೈಕಿ ಯಾವ ಗೆರೆಗೆ ಅಕ್ಕಿ ನಿಂತಿದೆ ಎಂದು ಹೇಳಬೇಕಾದರೆ ನಿಧಾನವಾಗಿ ಅಳೆಯಬೇಕು, ತುಂಬುವಾಗಲೂ ಕೈ ಹಿಡಿದು ತುಂಬಬೇಕು. ಕ್ಯೂಎಲ್‌ಸಿ ಬರವಣಿಗೆಯಲ್ಲಿ ನಿಧಾನ, ಬೇಗ ಸವೆಯುತ್ತದೆ ಎಂಬುದಕ್ಕೆ ಕಾರಣ ಇದೇ.

ಈ ನಿಧಾನ ಮೊದಲಿಗೆ ಗೊತ್ತಾಗದಂತೆ ಕಂಪನಿಗಳು ಒಂದು ಉಪಾಯ ಮಾಡಿವೆ. ಖಾಲಿ ಇರುವ ಜಾಗದ ಒಂದಿಷ್ಟು ಪಾಲನ್ನು ತಾತ್ಕಾಲಿಕವಾಗಿ ಒಂದೇ ಬಿಟ್‌ನ ಕೋಶದಂತೆ ಬಳಸಿ, ಬಂದದ್ದನ್ನು ಬೇಗಬೇಗ ಅಲ್ಲಿ ಬರೆದುಕೊಂಡು, ಬಿಡುವಾದಾಗ ಒಳಗೆ ಸರಿಸುತ್ತವೆ. ಇದನ್ನು ಎಸ್‌ಎಲ್‌ಸಿ ಕ್ಯಾಶ್ ಎನ್ನುತ್ತಾರೆ. ಹತ್ತಿಪ್ಪತ್ತು ಜಿಬಿ ನಕಲು ಮಾಡುವವರೆಗೆ ಎಲ್ಲವೂ ಚುರುಕು. ಕ್ಯಾಶ್ ತುಂಬಿದ ಮೇಲೆ ಅಗ್ಗದ ಕ್ಯೂಎಲ್‌ಸಿ ಡ್ರೈವ್‌ನ ಬರವಣಿಗೆಯ ವೇಗ ಕೆಲವೊಮ್ಮೆ ಹಾರ್ಡ್ ಡಿಸ್ಕ್‌ಗಿಂತಲೂ ಕೆಳಗಿಳಿಯುತ್ತದೆ. ಡ್ರೈವ್ ಮುಕ್ಕಾಲು ತುಂಬಿದ್ದರೆ ಕ್ಯಾಶ್ ಇನ್ನೂ ಚಿಕ್ಕದು. ವಿಂಡೋಸ್ ಹಾಕುವ ಮುಖ್ಯ ಡ್ರೈವ್‌ಗೆ ಟಿಎಲ್‌ಸಿಯೇ ಇರಲಿ. ಒಮ್ಮೆ ಬರೆದು ಮತ್ತೆ ಮತ್ತೆ ಓದುವ ಹಾಡು, ಸಿನಿಮಾ, ಗೇಮ್‌ಗಳ ಎರಡನೇ ಡ್ರೈವ್‌ಗೆ ಕ್ಯೂಎಲ್‌ಸಿ ಆಗಬಹುದು.

ಇನ್ನೊಂದು ವಿಷಯ ಡಿರ‍್ಯಾಮ್. ಯಾವ ಫೈಲಿನ ಯಾವ ತುಣುಕು ಯಾವ ಕೋಶದಲ್ಲಿದೆ ಎಂಬ ನಕ್ಷೆಯನ್ನು ಎಸ್‌ಎಸ್‌ಡಿ ಇಟ್ಟುಕೊಳ್ಳಬೇಕು. ಒಳ್ಳೆಯ ಡ್ರೈವ್‌ಗಳಲ್ಲಿ ಅದಕ್ಕೆಂದೇ ಪ್ರತ್ಯೇಕ ಡಿರ‍್ಯಾಮ್ ಚಿಪ್ ಇರುತ್ತದೆ. ಅದಿಲ್ಲದ ಎನ್‌ವಿಎಂಇ ಡ್ರೈವ್‌ಗಳು ಕಂಪ್ಯೂಟರಿನ ರ‍್ಯಾಮ್‌ನಿಂದಲೇ ಕೆಲವು ಎಂಬಿ ಎರವಲು ಪಡೆಯುತ್ತವೆ, ಆದ್ದರಿಂದ ಸಾಧಾರಣ ಬಳಕೆಯಲ್ಲಿ ಕೊರತೆ ಕಾಣುವುದಿಲ್ಲ. ಸಾಟಾ ಡ್ರೈವ್‌ಗಳಿಗೆ ಈ ಎರವಲಿನ ಸೌಲಭ್ಯವಿಲ್ಲ. ಹಾಗಾಗಿ ಸಾಟಾ ಕೊಳ್ಳುವವರು ಡಿರ‍್ಯಾಮ್ ಇರುವುದನ್ನೇ ಆರಿಸಿದರೆ ಕೊಟ್ಟ ಹೆಚ್ಚಿನ ಹಣಕ್ಕೆ ಬೆಲೆ ಬರುತ್ತದೆ.

ಸವೆದುಹೋಗುವ ಭಯ

ಎಸ್‌ಎಸ್‌ಡಿಗೆ ಇಂತಿಷ್ಟೇ ಬರೆಯಬಹುದು ಎಂಬ ಮಿತಿ ಇದೆಯಂತೆ, ಬೇಗ ಹೋಗಿಬಿಡುತ್ತದಂತೆ ಎಂಬ ಆತಂಕ ಅನೇಕರಲ್ಲಿದೆ. ಮಿತಿ ಇರುವುದು ನಿಜ. ಅದನ್ನು ಟಿಬಿಡಬ್ಲ್ಯು ಎಂದು ಕಂಪನಿಯೇ ಪ್ರಕಟಿಸುತ್ತದೆ. ವಾರಂಟಿಯ ಅವಧಿಯಲ್ಲಿ ಒಟ್ಟು ಎಷ್ಟು ಟಿಬಿ ಬರೆಯಬಹುದು ಎಂಬ ಲೆಕ್ಕ. 500 ಜಿಬಿಯ ಒಳ್ಳೆಯ ಟಿಎಲ್‌ಸಿ ಡ್ರೈವ್‌ಗೆ ಇದು ಸಾಮಾನ್ಯವಾಗಿ 300 ಟಿಬಿ. ದಿನಕ್ಕೆ 30 ಜಿಬಿ ಬರೆದರೂ ಆ ಮಿತಿ ಮುಟ್ಟಲು 10,000 ದಿನ, ಅಂದರೆ 27 ವರ್ಷ ಬೇಕು. ಮನೆಯ ಕಂಪ್ಯೂಟರ್ ದಿನಕ್ಕೆ ಅಷ್ಟು ಬರೆಯುವುದೇ ಅಪರೂಪ.

ಆದರೂ ಈ ಸಂಖ್ಯೆಯನ್ನು ನೋಡಲೇಬೇಕು, ಏಕೆಂದರೆ ಒಳಗೆ ಏನಿದೆ ಎಂಬುದರ ಗುಟ್ಟು ಇದರಲ್ಲಿದೆ. ಒಂದೇ 1 ಟಿಬಿ ಸಾಮರ್ಥ್ಯದಲ್ಲಿ ಸ್ಯಾಮ್‌ಸಂಗ್‌ನ 870 ಇವೊಗೆ 600 ಟಿಬಿ, ಕ್ಯೂಎಲ್‌ಸಿ ಇರುವ 870 ಕ್ಯೂವಿಒಗೆ 360 ಟಿಬಿ. ಕ್ರುಷಿಯಲ್‌ನ ಪಿ3 ಕ್ಯೂಎಲ್‌ಸಿ ಡ್ರೈವ್‌ಗೆ 220 ಟಿಬಿ. ವಿವರಪಟ್ಟಿಯಲ್ಲಿ ಮೆಮೊರಿಯ ಬಗೆ ಹೇಳದೆ ಬಿಟ್ಟಿದ್ದರೆ ಟಿಬಿಡಬ್ಲ್ಯು ನೋಡಿ: 1 ಟಿಬಿಗೆ 600ರ ಹತ್ತಿರ ಇದ್ದರೆ ಟಿಎಲ್‌ಸಿ ಇರಬಹುದು, 200-360ರ ನಡುವೆ ಇದ್ದರೆ ಕ್ಯೂಎಲ್‌ಸಿ ಎಂಬ ಅನುಮಾನ ಇಟ್ಟುಕೊಳ್ಳಿ. ವಾರಂಟಿ ಐದು ವರ್ಷದ್ದಿರಲಿ. ಮೂರು ವರ್ಷದ ವಾರಂಟಿಯ ಡ್ರೈವ್ ಗಮನಾರ್ಹವಾಗಿ ಅಗ್ಗವಾಗಿದ್ದರೆ ಮಾತ್ರ ಯೋಚಿಸಿ.

ಹೆಸರು ಮತ್ತು ಮೋಸ

ಅಂಗಡಿಯಲ್ಲಿ ಹತ್ತಾರು ಬ್ರ್ಯಾಂಡ್ ಇದ್ದರೂ ನ್ಯಾಂಡ್ ಚಿಪ್ ತಯಾರಿಸುವವರು ಬೆರಳೆಣಿಕೆಯಷ್ಟು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ತೋಶಿಬಾದಿಂದ ಬೇರೆಯಾದ ಕಿಯೋಕ್ಸಿಯಾ, ಅದರ ಜೊತೆಗಾರ ಸ್ಯಾನ್‌ಡಿಸ್ಕ್, ಚೀನಾದ ವೈಎಂಟಿಸಿ. ಉಳಿದವರು ಇವರಿಂದ ಚಿಪ್ ಕೊಂಡು ತಮ್ಮ ಹೆಸರು ಹಾಕುತ್ತಾರೆ. ಕೊಂಡು ಮಾಡುವವರಲ್ಲೂ ಒಳ್ಳೆಯವರಿದ್ದಾರೆ, ಆದರೆ ಅವರ ಅಗ್ಗದ ಮಾದರಿಗಳಲ್ಲಿ ಇಂದು ಒಂದು ಚಿಪ್, ನಾಳೆ ಇನ್ನೊಂದು ಚಿಪ್ ಇರುವುದು ಸಾಮಾನ್ಯ. ದೊಡ್ಡವರೂ ಇದಕ್ಕೆ ಹೊರತಲ್ಲ. ಮೈಕ್ರಾನ್‌ನದೇ ಕ್ರುಷಿಯಲ್ ಪಿ2 ಮಾದರಿ ಟಿಎಲ್‌ಸಿಯಿಂದ ಆರಂಭವಾಗಿ, ಅದೇ ಹೆಸರಿನಲ್ಲೇ ಕ್ಯೂಎಲ್‌ಸಿಗೆ ಬದಲಾದದ್ದು 2021ರಲ್ಲಿ ಬಯಲಾಯಿತು. ಹಳೆಯ ವಿಮರ್ಶೆ ಓದಿ ಕೊಳ್ಳುವವರು ಇದನ್ನು ನೆನಪಿಡಬೇಕು.

ಅಪ್ಪಟ ನಕಲಿಯೂ ಇದೆ. ಆನ್‌ಲೈನ್‌ನಲ್ಲಿ ಪುಡಿಗಾಸಿಗೆ 16 ಟಿಬಿ ಎಂದು ಮಾರುವ ಎಕ್ಸ್‌ಟರ್ನಲ್ ಎಸ್‌ಎಸ್‌ಡಿಗಳನ್ನು ಬಿಚ್ಚಿದರೆ ಒಳಗೆ ಸಣ್ಣ ಮೆಮೊರಿ ಕಾರ್ಡ್ ಅಂಟಿಸಿರುವುದು ಕಂಡಿದೆ. ಕಂಪ್ಯೂಟರ್‌ಗೆ ಅದು 16 ಟಿಬಿ ಎಂದೇ ಹೇಳಿಕೊಳ್ಳುತ್ತದೆ. ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಮಾಯ. ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ನಂಬಬೇಡಿ. ಬಿಲ್ ಇಲ್ಲದೆ ಕೊಳ್ಳಬೇಡಿ, ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಆ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿ ವಾರಂಟಿ ಇದೆಯೇ ನೋಡಿ. ಮನೆಗೆ ತಂದ ಕೂಡಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿ: ಹೊಸ ಡ್ರೈವ್ ಎಂದು ಕೊಟ್ಟಿದ್ದರಲ್ಲಿ ಸಾವಿರಾರು ಗಂಟೆ ಓಡಿದ ದಾಖಲೆ ಇದ್ದರೆ ಅದು ಬಳಸಿದ ಮಾಲು. ಸಾಮರ್ಥ್ಯದ ಅನುಮಾನವಿದ್ದರೆ ಎಚ್2ಟೆಸ್ಟ್‌ಡಬ್ಲ್ಯು ಎಂಬ ತಂತ್ರಾಂಶ ಪೂರ್ತಿ ಡ್ರೈವ್ ಬರೆದು, ಓದಿ, ನಿಜ ಹೇಳುತ್ತದೆ.

ಬೆಲೆಯ ವಿಷಯದಲ್ಲಿ ಒಂದು ಮಾತು. ಎಐ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ಹೊತ್ತಿಗೆ ಮೆಮೊರಿ ಚಿಪ್‌ಗಳ ಬೆಲೆ ಏರತೊಡಗಿತು. ಅದೇ ಡಿಸೆಂಬರಿನಲ್ಲಿ ಮೈಕ್ರಾನ್, ಕ್ರುಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಕಳೆದ ವರ್ಷದ ಬೆಲೆ ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಬೇಡಿ. ಮೂರು ಕಡೆ ವಿಚಾರಿಸಿ, ಅಂದಿನ ಬೆಲೆಯಲ್ಲೇ ಹೋಲಿಸಿ.

ಹಾಕಿಸುವಾಗ

ಎಸ್‌ಎಸ್‌ಡಿ ತಂದ ಮೇಲೆ ಎರಡು ದಾರಿ: ವಿಂಡೋಸ್ ಹೊಸದಾಗಿ ಹಾಕುವುದು, ಇಲ್ಲವೇ ಹಳೆಯ ಡಿಸ್ಕ್‌ನಲ್ಲಿರುವುದನ್ನು ಹಾಗೆಯೇ ಕ್ಲೋನ್ ಮಾಡುವುದು. ಮನೆಯ ಕಂಪ್ಯೂಟರಿಗೆ ಹೊಸದಾಗಿ ಹಾಕುವುದು ಒಳ್ಳೆಯದು. ವರ್ಷಗಳ ಕಸ ಹೋಗುತ್ತದೆ. ಡಿಟಿಪಿ ಸೆಂಟರುಗಳ ಮಾತು ಬೇರೆ. ಅಲ್ಲಿ ಪೇಜ್‌ಮೇಕರ್, ಶ್ರೀಲಿಪಿ, ಹಳೆಯ ನುಡಿ, ಯೂನಿಕೋಡ್‌ಗೂ ಮುಂಚಿನ ನೂರಾರು ಫಾಂಟ್‌ಗಳು, ಪ್ರಿಂಟರುಗಳ ಸೆಟ್ಟಿಂಗ್ ಎಲ್ಲ ವರ್ಷಗಟ್ಟಲೆ ಕೂಡಿಬಂದಿರುತ್ತವೆ. ಇನ್‌ಸ್ಟಾಲ್ ಮಾಡಿದ ಸಿ.ಡಿ. ಈಗ ಎಲ್ಲಿದೆಯೋ ಗೊತ್ತಿರುವುದಿಲ್ಲ. ಒಂದು ಫಾಂಟ್ ತಪ್ಪಿದರೂ ಗಿರಾಕಿಯ ಹಳೆಯ ಲಗ್ನಪತ್ರಿಕೆ ಫೈಲ್ ತೆರೆದಾಗ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಅಂಥ ಕಡೆ ಕ್ಲೋನ್ ಮಾಡುವುದೇ ಕ್ಷೇಮ.

ಕ್ಲೋನ್ ಮಾಡಲು ಹಲವು ಎಸ್‌ಎಸ್‌ಡಿ ಕಂಪನಿಗಳೇ ತಂತ್ರಾಂಶ ಕೊಡುತ್ತವೆ. ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶವೂ ಇದೆ, ಆದರೆ ಅದು ಸಾಮಾನ್ಯವಾಗಿ ಹೊಸ ಡ್ರೈವ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಾಗಿರಬೇಕು ಎನ್ನುತ್ತದೆ. 1 ಟಿಬಿ ಹಾರ್ಡ್ ಡಿಸ್ಕ್‌ನಿಂದ 500 ಜಿಬಿ ಎಸ್‌ಎಸ್‌ಡಿಗೆ ಹೋಗುವವರು ಕಂಪನಿಯ ತಂತ್ರಾಂಶ ಬಳಸಲಿ, ಅದಕ್ಕೂ ಮೊದಲು ವಿಡಿಯೋ, ಫೋಟೋಗಳನ್ನು ಬೇರೆಡೆಗೆ ಸರಿಸಿ ಹಳೆಯ ಡಿಸ್ಕ್‌ನ ಭಾರ ಇಳಿಸಲಿ. ಯಾವುದೇ ದಾರಿ ಹಿಡಿದರೂ ಮೊದಲ ಹೆಜ್ಜೆ ಒಂದೇ: ಮುಖ್ಯವಾದ ಫೈಲ್‌ಗಳ ಇನ್ನೊಂದು ಪ್ರತಿ ಪ್ರತ್ಯೇಕ ಡ್ರೈವ್‌ನಲ್ಲಿ ಇರಲಿ. ಲ್ಯಾಪ್‌ಟಾಪ್‌ನಲ್ಲಿ ಡ್ರೈವ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಹಳೆಯ ಡೆಸ್ಕ್‌ಟಾಪ್ ಆದರೆ ಬಯೋಸ್‌ನಲ್ಲಿ ಸಾಟಾ ಮೋಡ್ ಎಎಚ್‌ಸಿಐ ಎಂದಿದೆಯೇ ನೋಡಿ. ಕೆಲಸ ಮುಗಿದ ಮೇಲೆ ಹಳೆಯ ಡಿಸ್ಕ್ ತಂತಿ ಬಿಚ್ಚಿ, ಎಸ್‌ಎಸ್‌ಡಿ ಒಂದರಿಂದಲೇ ವಿಂಡೋಸ್ ಬರುತ್ತದೆಯೇ ಎಂದು ಪರೀಕ್ಷಿಸಿ. ಹಳೆಯ ಡಿಸ್ಕ್ ಅನ್ನು ಕೂಡಲೇ ಫಾರ್ಮ್ಯಾಟ್ ಮಾಡಬೇಡಿ, ಒಂದು ತಿಂಗಳಾದರೂ ಹಾಗೆಯೇ ಇರಲಿ.

ಅದೇ ಸಲ ರ‍್ಯಾಮ್ ಕೂಡ ನೋಡಿ. 4 ಜಿಬಿ ಇರುವ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿದರೆ ಚುರುಕಾಗುತ್ತದೆ, ಆದರೆ ರ‍್ಯಾಮ್ ಸಾಲದ್ದನ್ನೆಲ್ಲ ವಿಂಡೋಸ್ ಎಸ್‌ಎಸ್‌ಡಿಯ ಮೇಲೆ ಬರೆಯುತ್ತಲೇ ಇರುತ್ತದೆ. 8 ಜಿಬಿ ಮಾಡಿಸಿದರೆ ಯಂತ್ರಕ್ಕೂ ಹಿತ, ಎಸ್‌ಎಸ್‌ಡಿಗೂ ಹಿತ.

ಹಾಕಿದ ಮೇಲೆ

ಎಸ್‌ಎಸ್‌ಡಿಗೆ ಡಿಫ್ರಾಗ್ ಮಾಡಬೇಡಿ; ಅದರಿಂದ ಸವೆತ ಬಿಟ್ಟರೆ ಲಾಭವಿಲ್ಲ. ಅಳಿಸಿದ ಫೈಲಿನ ಜಾಗವನ್ನು ಡ್ರೈವ್‌ಗೆ ತಿಳಿಸುವ ಟ್ರಿಮ್ ಎಂಬ ಏರ್ಪಾಡು ವಿಂಡೋಸ್ 7ರಿಂದಲೇ ಇದೆ, ತಾನಾಗಿಯೇ ನಡೆಯುತ್ತದೆ. ಇದರ ಇನ್ನೊಂದು ಪರಿಣಾಮವೂ ಗೊತ್ತಿರಬೇಕು. ಹಾರ್ಡ್ ಡಿಸ್ಕ್‌ನಲ್ಲಿ ಅಳಿಸಿದ ಫೈಲನ್ನು ರಿಕವರಿ ಮಾಡುವವರ ಬಳಿ ಕೊಂಡೊಯ್ದು ಮರಳಿ ಪಡೆಯುವ ಅವಕಾಶ ಸಾಕಷ್ಟಿತ್ತು. ಟ್ರಿಮ್ ಆದ ಎಸ್‌ಎಸ್‌ಡಿಯಲ್ಲಿ ಆ ಅವಕಾಶ ಬಹುತೇಕ ಇಲ್ಲ. ಹಾರ್ಡ್ ಡಿಸ್ಕ್ ಕೆಡುವ ಮುನ್ನ ಅನೇಕ ಸಲ ಟಕಟಕ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿ ಕೆಟ್ಟಾಗ ಸದ್ದಿಲ್ಲದೆ ಒಂದೇ ಸಲಕ್ಕೆ ಹೋಗಬಹುದು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಮನೆಬಳಕೆಯ ಡ್ರೈವ್‌ಗಳಲ್ಲಿ ಆ ಕ್ಷಣದ ಮಾಹಿತಿ ಕಳೆದುಹೋಗಬಹುದು. ಲೋಡ್‌ಶೆಡ್ಡಿಂಗ್ ಇರುವ ಊರುಗಳಲ್ಲಿ ಡೆಸ್ಕ್‌ಟಾಪ್‌ಗೆ ಒಂದು ಸಣ್ಣ ಯುಪಿಎಸ್ ಅಗತ್ಯವೇ.

ತೆಗೆದ ಹಾರ್ಡ್ ಡಿಸ್ಕ್ ಆರೋಗ್ಯವಾಗಿದ್ದರೆ ಅದಕ್ಕಿಂತ ಒಳ್ಳೆಯ ಬ್ಯಾಕಪ್ ಸಾಧನ ಬೇರೆ ಬೇಡ. 2.5 ಇಂಚಿನದಾದರೆ ಯುಎಸ್‌ಬಿ ಕೇಸ್ ಸಾಕು, 3.5 ಇಂಚಿನದಕ್ಕೆ ಪ್ರತ್ಯೇಕ ಅಡಾಪ್ಟರ್ ಇರುವ ಕೇಸ್ ಬೇಕು. ಕುಟುಂಬದ ಫೋಟೋಗಳನ್ನು ಬೀರುವಿನಲ್ಲಿ ವರ್ಷಗಟ್ಟಲೆ ಇಡಲು ಎಸ್‌ಎಸ್‌ಡಿಗಿಂತ ಹಾರ್ಡ್ ಡಿಸ್ಕ್ ವಾಸಿ. ಕರೆಂಟಿಲ್ಲದೆ ಇಟ್ಟ ಫ್ಲ್ಯಾಶ್ ಕೋಶದ ಆವೇಶ ನಿಧಾನವಾಗಿ ಸೋರುತ್ತದೆ. ಜೆಡೆಕ್ ಸಂಸ್ಥೆಯ ಮಾನದಂಡದ ಪ್ರಕಾರ ಬರವಣಿಗೆಯ ಮಿತಿ ಮುಗಿಸಿದ ಮನೆಬಳಕೆಯ ಎಸ್‌ಎಸ್‌ಡಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಡಬೇಕು. ಹೊಸದು ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ, ಆದರೂ ಶಾಶ್ವತ ಪೆಟ್ಟಿಗೆ ಎಂದು ಅದನ್ನು ನಂಬಬಾರದು.

ಹಳೆಯ ಯಂತ್ರಕ್ಕೆ ಹಣ ಹಾಕುವುದು ಸರಿಯೇ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು. ಎಸ್‌ಎಸ್‌ಡಿ ಹಾಕಿದ ಮಾತ್ರಕ್ಕೆ ಈ ಷರತ್ತು ಪೂರೈಸುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಎಂಟನೇ ಅಥವಾ ಅದರ ನಂತರದ ತಲೆಮಾರಿನ ಯಂತ್ರವಾದರೆ ಎರಡನೇ ಯೋಚನೆ ಬೇಡ, ಎಸ್‌ಎಸ್‌ಡಿ ಹಾಕಿ. ಅದಕ್ಕಿಂತ ಹಳೆಯದಾದರೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆಯೊಂದಿಗೆ ಅದೇ ಎಸ್‌ಎಸ್‌ಡಿ ಇನ್ನೂ ಹಲವು ವರ್ಷ ದುಡಿಯುತ್ತದೆ. ಬ್ರೌಸರ್, ಲಿಬ್ರೆ ಆಫೀಸ್, ಐಬಸ್ ಎಂಬ ತಂತ್ರಾಂಶದ ಮೂಲಕ ಕೆಜಿಪಿ ವಿನ್ಯಾಸದ ಕನ್ನಡ ಕೀಲಿಮಣೆ ಎಲ್ಲವೂ ಅಲ್ಲಿವೆ. ಮುಂದೆ ಯಂತ್ರವನ್ನೇ ಬದಲಿಸಿದರೂ ಸಾಟಾ ಎಸ್‌ಎಸ್‌ಡಿ ಬಿಚ್ಚಿ ಹೊಸದಕ್ಕೆ ಹಾಕಬಹುದು, ಇಲ್ಲವೇ ಯುಎಸ್‌ಬಿ ಕೇಸಿನಲ್ಲಿ ಬಳಸಬಹುದು. ಹಾಕಿದ ಹಣ ಪೋಲಾಗುವುದಿಲ್ಲ.

ನಿಧಾನವಾಯಿತು ಎಂಬ ಒಂದೇ ಕಾರಣಕ್ಕೆ ಚೆನ್ನಾಗಿರುವ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಇಷ್ಟು ಮಾಡಿ. ಕೈಪಿಡಿ ನೋಡಿ ಸ್ಲಾಟ್ ಯಾವುದೆಂದು ತಿಳಿದುಕೊಳ್ಳಿ. 500 ಜಿಬಿ ಅಥವಾ 1 ಟಿಬಿಯ, ಟಿಎಲ್‌ಸಿ ಮೆಮೊರಿಯ, ಐದು ವರ್ಷ ವಾರಂಟಿಯ ಡ್ರೈವ್ ಅನ್ನು ಬಿಲ್ ಸಮೇತ ಕೊಳ್ಳಿ. ಸಾಟಾ ಪೋರ್ಟ್ ಮಾತ್ರ ಇದ್ದರೆ ಸಾಟಾ, ಎನ್‌ವಿಎಂಇ ಸ್ಲಾಟ್ ಇದ್ದರೆ ಎನ್‌ವಿಎಂಇ. ಹಾಕಿದ ದಿನವೇ ಬ್ಯಾಕಪ್ ಶುರು ಮಾಡಿ. ಬಹುಪಾಲು ಜನರ ಬಹುಪಾಲು ಕೆಲಸಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.